ಕಬ್ಬಿಣದ ಕಡಲೆಯೇ? ಯಾವ ಟೇಬಲ್‌ಟಾಪ್ ಆರ್‌ಪಿಜಿ ಎಷ್ಟು ಕಷ್ಟ, ಎಲ್ಲಿಂದ ಶುರು ಮಾಡಬೇಕು

"ಡಿ ಅಂಡ್ ಡಿ ಕಲಿಯೋಕೆ ಎಷ್ಟು ದಿನ ಬೇಕು?" "ಪಾಥ್‌ಫೈಂಡರ್ ಪುಸ್ತಕ 640 ಪುಟ ಇದೆಯಂತೆ, ಪೂರ್ತಿ ಓದಲೇಬೇಕಾ?" "ನಮ್ಮಲ್ಲಿ ಯಾರೂ ಆಡಿದವರಿಲ್ಲ, ಯಾವುದರಿಂದ ಶುರು ಮಾಡೋಣ?" ಓದುಗರು ಮತ್ತೆ ಮತ್ತೆ ಕೇಳುವುದು ಈ ಮೂರನ್ನೇ. ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್), ಪಾಥ್‌ಫೈಂಡರ್ ಎರಡೂ ಇಂಥ ಆಟಗಳ ಹೆಸರು. ಪುಟ ಎಣಿಸಿ ಕಷ್ಟ ಅಳೆಯಲು ಹೋದರೆ ಮೂರಕ್ಕೂ ತಪ್ಪು ಉತ್ತರ ಸಿಗುತ್ತದೆ. ಡಿ ಅಂಡ್ ಡಿಯ ದಪ್ಪ ಪುಸ್ತಕದಲ್ಲಿ ಮೊದಲ ದಿನ ಆಟಗಾರರಿಗೆ ಬೇಕಾಗುವುದು ಹತ್ತಿಪ್ಪತ್ತು ಪುಟ. ಇಪ್ಪತ್ತೇ ನಿಮಿಷದಲ್ಲಿ ಓದಿ ಮುಗಿಯುವ ಕೆಲವು ಆಟಗಳು ನಡೆಸುವವರನ್ನು ಬೆವರಿಳಿಸುತ್ತವೆ. ಕಷ್ಟ ಎಷ್ಟು ಎಂಬುದಕ್ಕಿಂತ ಅದು ಯಾರ ತಲೆಯ ಮೇಲೆ, ಯಾವಾಗ ಬೀಳುತ್ತದೆ ಎಂದು ನೋಡಬೇಕು.

ಪೂರ್ತಿ ಹೊಸಬರಿಗೆ ಎರಡು ಮಾತು. ಆರ್‌ಪಿಜಿ ಎಂದರೆ ಪಾತ್ರ ವಹಿಸಿ ಆಡುವ ಆಟ. ಮೇಜಿನ ಸುತ್ತ ಕೂತವರಲ್ಲಿ ಒಬ್ಬರು ಗೇಮ್ ಮಾಸ್ಟರ್, ಚಿಕ್ಕದಾಗಿ ಜಿಎಂ. ಕಥೆ ನಡೆಯುವ ಲೋಕ, ಶತ್ರುಗಳು, ದಾರಿಯಲ್ಲಿ ಸಿಗುವವರು ಎಲ್ಲ ಇವರ ಕೈಯಲ್ಲಿ. ಉಳಿದವರಿಗೆ ತಲಾ ಒಂದು ಪಾತ್ರ. "ನಾನು ಗೋಡೆ ಹತ್ತುತ್ತೇನೆ" ಎಂದು ಆಟಗಾರ ಹೇಳಿದಾಗ, ಹತ್ತಲು ಆಗುತ್ತದೋ ಇಲ್ಲವೋ ಎಂಬ ಅನುಮಾನವಿದ್ದರೆ ದಾಳ ಬೀಳುತ್ತದೆ. ಯಾವ ದಾಳ, ಎಷ್ಟು, ಅದಕ್ಕೆ ಏನು ಕೂಡಿಸಬೇಕು ಎಂದು ಹೇಳುವ ನಿಯಮಗಳ ಕಟ್ಟಿಗೆ ಸಿಸ್ಟಮ್ ಎನ್ನುತ್ತಾರೆ. ಡಿ6 ಎಂದರೆ ಹಾವು-ಏಣಿ ಡಬ್ಬಿಯಲ್ಲಿರುವ ಆರು ಮುಖದ ದಾಳ. ಡಿ20 ಇಪ್ಪತ್ತು ಮುಖದ್ದು. 2ಡಿ6 ಎಂದರೆ ಎರಡು ಡಿ6 ಹಾಕಿ ಕೂಡುವುದು.

ಏನೇನು ಬೇಕು

ಜಿಎಂ ಸೇರಿ ನಾಲ್ಕು ಅಥವಾ ಐದು ಜನ, ಮೂರು ಗಂಟೆ, ಪೆನ್ಸಿಲ್, ರಬ್ಬರು. ಏಳು ದಾಳಗಳ ಸೆಟ್ ಒಂದು ಸಿಕ್ಕರೆ ಇಲ್ಲಿ ಹೇಳುವ ಕೆಲವು ದೊಡ್ಡ ಆಟಗಳಿಗೆ ಸಾಕು. ಅದರಲ್ಲಿ ಡಿ4, ಡಿ6, ಡಿ8, ಡಿ12, ಡಿ20 ಒಂದೊಂದು, ಜೊತೆಗೆ ಎರಡು ಹತ್ತು ಮುಖದ ದಾಳ ಇರುತ್ತವೆ. ಆ ಎರಡರಲ್ಲಿ ಒಂದರ ಮೇಲೆ 00, 10, 20 ಎಂದು ಹತ್ತರ ಸ್ಥಾನ ಬರೆದಿರುತ್ತದೆ. ಬರೀ ಡಿ6 ಬೇಕಾದ ಆಟಗಳಿಗೆ ಮನೆಯಲ್ಲಿರುವ ಮೂರ್ನಾಲ್ಕು ದಾಳ ನಡೆಯುತ್ತದೆ.

ಪುಸ್ತಕಕ್ಕೆ ಈಗಲೇ ದುಡ್ಡು ಹಾಕಬೇಡಿ. ಡಿ ಅಂಡ್ ಡಿ 5ನೇ ಆವೃತ್ತಿಯ ಮೂಲ ನಿಯಮಗಳು 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಮುಕ್ತವಾಗಿವೆ. ಪಾಥ್‌ಫೈಂಡರ್ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಎಂಬ ತಾಣದಲ್ಲಿ ಉಚಿತ. ಕಾಲ್ ಆಫ್ ಕ್ಥುಲ್ಹು ಎಂಬ ಭಯದ ಆಟಕ್ಕೆ ಕ್ವಿಕ್-ಸ್ಟಾರ್ಟ್ ಕೈಪಿಡಿ, ಗರ್ಪ್ಸ್ ಎಂಬ ಯಾವ ಲೋಕಕ್ಕಾದರೂ ಹೊಂದುವ ಆಟಕ್ಕೆ 32 ಪುಟದ ಲೈಟ್ ಆವೃತ್ತಿ ಪುಕ್ಕಟೆಯಾಗಿ ಸಿಗುತ್ತವೆ.

ಹಂತ 1: ಕಷ್ಟವನ್ನು ಮೂರು ಭಾಗ ಮಾಡಿ

ಯಾವ ಸಿಸ್ಟಮ್ ಕೈಗೆತ್ತಿಕೊಂಡರೂ ಮೂರು ಪ್ರಶ್ನೆ ಕೇಳಿ. ಪಾತ್ರ ಕಟ್ಟಲು ಎಷ್ಟು ಹೊತ್ತು? ಒಂದು ಸರದಿಯಲ್ಲಿ ಆಟಗಾರ ಎಷ್ಟು ಆಯ್ಕೆಗಳ ನಡುವೆ ತೀರ್ಮಾನಿಸಬೇಕು? ಆಟ ನಡೆಸುವವರು ಮೊದಲೇ ಏನು ಸಿದ್ಧಮಾಡಬೇಕು, ಅಲ್ಲೇ ಕೂತು ಏನನ್ನು ಹುಟ್ಟಿಸಬೇಕು?

ಗರ್ಪ್ಸ್‌ನಲ್ಲಿ ಮೊದಲನೆಯದು ಭಾರಿ, ಎರಡನೆಯದು ಹಗುರ. ಪಾಥ್‌ಫೈಂಡರ್‌ನಲ್ಲಿ ಎರಡನೆಯದು ಭಾರಿ, ಆದರೆ ಎಲ್ಲವೂ ಬರೆದೇ ಇರುವುದರಿಂದ ಜಿಎಂಗೆ ನೆಮ್ಮದಿ. ಅಪೋಕ್ಯಾಲಿಪ್ಸ್ ವರ್ಲ್ಡ್ ಬಗೆಯ ಆಟಗಳಲ್ಲಿ (ಹಂತ 6 ನೋಡಿ) ಮೊದಲೆರಡೂ ಹಗುರ, ಮೂರನೆಯದು ಭಾರ. ನಿಮ್ಮ ಗುಂಪಿನಲ್ಲಿ ಯಾರಿಗೆ ಓದುವ ತಾಳ್ಮೆ ಇದೆ, ಯಾರಿಗೆ ಇಲ್ಲ ಎಂಬುದರ ಮೇಲೆ ಆರಿಸಿ. ಒಬ್ಬರೇ ಪುಸ್ತಕದ ಹುಳು ಆಗಿದ್ದರೆ ಜಿಎಂ ಸ್ಥಾನ ಅವರಿಗೆ ಕೊಟ್ಟು, ಆಟಗಾರರಿಗೆ ಹಗುರವಿರುವ ಸಿಸ್ಟಮ್ ತೆಗೆದುಕೊಳ್ಳಿ.

ಹಂತ 2: ಒಂದು ಪುಟದ ಆಟದಿಂದ ಶುರು ಮಾಡಿ

ಜಾನ್ ಹಾರ್ಪರ್ ಅವರ ಲೇಸರ್ಸ್ ಅಂಡ್ ಫೀಲಿಂಗ್ಸ್ ಪೂರ್ತಿ ಒಂದೇ ಪುಟ. ಬಾಹ್ಯಾಕಾಶ ನೌಕೆಯ ಸಿಬ್ಬಂದಿ ನೀವು. ಪಾತ್ರಕ್ಕೆ ಇರುವುದು ಒಂದೇ ಸಂಖ್ಯೆ, 2ರಿಂದ 5ರೊಳಗೆ. ಯಂತ್ರ, ವಿಜ್ಞಾನ, ತಣ್ಣನೆಯ ತರ್ಕದ ಕೆಲಸಕ್ಕೆ ದಾಳ ನಿಮ್ಮ ಸಂಖ್ಯೆಗಿಂತ ಕೆಳಗೆ ಬೀಳಬೇಕು. ಮಾತು, ಮನಸ್ಸು, ಆವೇಶದ ಕೆಲಸಕ್ಕೆ ಮೇಲೆ. ಮಾಮೂಲಿ ಒಂದು ಡಿ6, ಸಿದ್ಧತೆ ಮಾಡಿಕೊಂಡಿದ್ದರೆ ಇನ್ನೊಂದು, ಅದು ನಿಮ್ಮ ಪರಿಣತಿಯ ಕೆಲಸವಾಗಿದ್ದರೆ ಮತ್ತೊಂದು. ಎಷ್ಟು ದಾಳ ಗೆದ್ದವು ಎಂದು ಎಣಿಸುತ್ತೀರಿ: ಒಂದೂ ಇಲ್ಲದಿದ್ದರೆ ಕೆಲಸ ಕೆಡುತ್ತದೆ, ಒಂದಾದರೆ ತೊಡಕಿನೊಂದಿಗೆ ಆಗುತ್ತದೆ, ಎರಡಾದರೆ ಚೆನ್ನಾಗಿ ಆಗುತ್ತದೆ. ಸಂಖ್ಯೆಗೆ ಸರಿಸಮ ಬಿದ್ದರೆ ಅದೂ ಗೆಲುವೇ, ಜೊತೆಗೆ ಜಿಎಂಗೆ ಒಂದು ಪ್ರಶ್ನೆ ಕೇಳಬಹುದು, ಅವರು ನಿಜ ಹೇಳಬೇಕು.

ಈ ಹಂತವನ್ನು ಹಾರಿಸಬೇಡಿ. ಇಲ್ಲಿ ಕಲಿಯುವುದು ಆಟದ ಲಯ: ಜಿಎಂ ಸನ್ನಿವೇಶ ಹೇಳುವುದು, "ನೀವೇನು ಮಾಡ್ತೀರಿ?" ಎಂದು ಕೇಳುವುದು, ಉತ್ತರ ಬಂದ ಮೇಲಷ್ಟೇ ದಾಳ ಹಾಕಿಸುವುದು. ಈ ಲಯ ಕೂರದೆ ದೊಡ್ಡ ಸಿಸ್ಟಮ್‌ಗೆ ಇಳಿದ ಗುಂಪುಗಳು ಪಾತ್ರದ ಹಾಳೆಯನ್ನು ಮೆನು ಕಾರ್ಡಿನಂತೆ ಓದಲು ತೊಡಗುತ್ತವೆ; ಹಾಳೆಯಲ್ಲಿ ಇಲ್ಲದ ಉಪಾಯ ಯಾರ ಬಾಯಿಂದಲೂ ಬರುವುದಿಲ್ಲ.

ಹಂತ 3: ಮೊದಲ ದೊಡ್ಡ ಸಿಸ್ಟಮ್ ಆಗಿ ಕಾಲ್ ಆಫ್ ಕ್ಥುಲ್ಹು

ಹೆಚ್ಚಿನವರು ಡಿ ಅಂಡ್ ಡಿಯಿಂದ ಶುರು ಮಾಡುತ್ತಾರೆ. ನನ್ನ ಸಲಹೆ ಬೇರೆ. ಕಾಲ್ ಆಫ್ ಕ್ಥುಲ್ಹು 1981ರಿಂದ ಇರುವ ಭಯ ಮತ್ತು ಪತ್ತೇದಾರಿಯ ಆಟ, ಪ್ರಕಾಶಕರು ಕೇಯೋಸಿಯಂ. ಪಾತ್ರಗಳು ಪತ್ರಕರ್ತೆ, ಪ್ರೊಫೆಸರ್, ವೈದ್ಯ, ಇಂಥ ಮಾಮೂಲಿ ಮನುಷ್ಯರು. ಸ್ಕಿಲ್, ಅಂದರೆ ಕೌಶಲ, ನೇರವಾಗಿ ಶೇಕಡಾ ಲೆಕ್ಕದಲ್ಲಿದೆ. ಗ್ರಂಥಾಲಯ ಶೋಧದಲ್ಲಿ 60 ಇದ್ದರೆ ನೂರಕ್ಕೆ ಅರವತ್ತು ಸಲ ಗೆಲುವು. ಇದನ್ನು ಯಾರಿಗೂ ಎರಡು ಸಲ ವಿವರಿಸಬೇಕಾಗಿಲ್ಲ.

ಹತ್ತು ಮುಖದ ಎರಡು ದಾಳ ಹಾಕಿ. ಒಂದು ಹತ್ತರ ಸ್ಥಾನ, ಇನ್ನೊಂದು ಬಿಡಿ ಸ್ಥಾನ. 60 ಅಥವಾ ಕೆಳಗೆ ಬಂದರೆ ಸಾಮಾನ್ಯ ಗೆಲುವು, ಅದರ ಅರ್ಧ 30ರೊಳಗೆ ಕಠಿಣ ಗೆಲುವು, ಐದನೇ ಒಂದು ಭಾಗ 12ರೊಳಗೆ ಅತಿ ಕಠಿಣ ಗೆಲುವು. ಮೂರೂ ಸಂಖ್ಯೆಗಳನ್ನು ಹಾಳೆಯಲ್ಲಿ ಮೊದಲೇ ಬರೆದಿಡಿ, ಆಟದ ನಡುವೆ ಭಾಗಾಕಾರ ಬೇಡ. 00 ಮತ್ತು 0 ಒಟ್ಟಿಗೆ ಬಿದ್ದರೆ ಅದು ಸೊನ್ನೆಯಲ್ಲ, 100. ಇಲ್ಲಿ ಚಿಕ್ಕ ಸಂಖ್ಯೆಯೇ ಒಳ್ಳೆಯದು, ಹಾಗಾಗಿ 100 ಅಂದರೆ ಅನಾಹುತ. ಹೊಸ ಆಟಗಾರರು ಅದನ್ನು ನೋಡಿ ಚಪ್ಪಾಳೆ ತಟ್ಟುವುದುಂಟು, ಮೊದಲೇ ಎಚ್ಚರಿಸಿ.

ಪಾತ್ರ ಕಟ್ಟಲು ಕ್ವಿಕ್-ಸ್ಟಾರ್ಟ್ ದಾರಿಯನ್ನೇ ಹಿಡಿಯಿರಿ: 80, 70, 60, 60, 50, 50, 50, 40 ಈ ಎಂಟನ್ನು ಎಂಟು ಗುಣಗಳಿಗೆ ಹಂಚಿ, ವೃತ್ತಿ ಆರಿಸಿ, ಸ್ಕಿಲ್ ತುಂಬಿ. ಅರ್ಧ ಗಂಟೆಯ ಕೆಲಸ. ಅದೇ ಕೈಪಿಡಿಯಲ್ಲಿ ದಿ ಹಾಂಟಿಂಗ್ ಎಂಬ ಕಥಾವಸ್ತು ಇದೆ, 1920ರ ದಶಕದ ಬಾಸ್ಟನ್‌ನ ಒಂದು ಮನೆ. ಜಿಎಂ ಆಗುವವರು ಮಾತ್ರ ಓದಬೇಕು. ಈ ಆಟದಲ್ಲಿ ಜಿಎಂಗೆ ಕೀಪರ್ ಎಂದು ಹೆಸರು.

ಎಡವುವ ಜಾಗ ಎರಡು. ಒಂದು, ಮುಖ್ಯ ಸುಳಿವನ್ನು ದಾಳದ ಹಿಂದೆ ಬಚ್ಚಿಡುವುದು. ಡ್ರಾಯರಿನಲ್ಲಿರುವ ಡೈರಿ ಸಿಗಲೇಬೇಕಾದದ್ದಾದರೆ ದಾಳ ಹಾಕಿಸಬೇಡಿ. ಎಲ್ಲರೂ ಸೋತರೆ ಕಥೆ ಅಲ್ಲೇ ನಿಲ್ಲುತ್ತದೆ. ಹಾಕಿಸಿದರೂ, ಸೋತಾಗ ಡೈರಿ ಸಿಗಲಿ, ಆದರೆ ಹುಡುಕುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಲಿ. ಎರಡನೆಯದು ಸ್ಯಾನಿಟಿ, ಮನಸ್ಸಿನ ಸ್ಥಿಮಿತದ ಅಂಕ. ಒಂದೇ ಸಲಕ್ಕೆ 5 ಅಥವಾ ಹೆಚ್ಚು ಕಳೆದುಕೊಂಡರೆ ಬುದ್ಧಿಯ ಗುಣಕ್ಕೆ ದಾಳ ಹಾಕಬೇಕು. ಅದರಲ್ಲಿ ಗೆದ್ದರೆ ಹುಚ್ಚು ಹಿಡಿಯುತ್ತದೆ, ಸೋತರೆ ಪಾರು! ಮುದ್ರಣದೋಷ ಎಂದುಕೊಳ್ಳಬೇಡಿ: ಕಂಡದ್ದು ಏನೆಂದು ಅರ್ಥವಾದವರಿಗೆ ಮಾತ್ರ ತಲೆ ಕೆಡುತ್ತದೆ ಎಂಬುದು ಆ ನಿಯಮದ ತಿರುಳು.

ಹಂತ 4: ಡಿ ಅಂಡ್ ಡಿ, 1ನೇ ಲೆವೆಲ್‌ನಿಂದ ಮಾತ್ರ

1974ರಲ್ಲಿ ಈ ಇಡೀ ಬಗೆಯ ಆಟವನ್ನು ಶುರು ಮಾಡಿದ ಸಿಸ್ಟಮ್ ಇದು. ಲೆವೆಲ್ ಎಂದರೆ ಆಡುತ್ತಾ ಹೋದಂತೆ ಪಾತ್ರ ಏರುವ ಮೆಟ್ಟಿಲು. ಐದನೇ ಆವೃತ್ತಿ 2014ರದ್ದು, ಪರಿಷ್ಕೃತ ಪುಸ್ತಕಗಳು 2024ರಿಂದ ಬರತೊಡಗಿದವು. ಮೊದಲ ಎಚ್ಚರಿಕೆ ಇಲ್ಲೇ: ಮೇಜಿನಲ್ಲಿ ಎಲ್ಲರೂ ಒಂದೇ ವರ್ಷದ ನಿಯಮ ಹಿಡಿಯಿರಿ. ಒಬ್ಬರ ಬಳಿ 2014, ಇನ್ನೊಬ್ಬರ ಬಳಿ 2024 ಇದ್ದರೆ ಒಂದೇ ಹೆಸರಿನ ಮಂತ್ರಕ್ಕೆ ಬೇರೆ ಬೇರೆ ವಿವರ ಸಿಕ್ಕಿ ವಾದ ಶುರುವಾಗುತ್ತದೆ. ಇಲ್ಲಿನ ಉದಾಹರಣೆಗಳು 2014ರವು.

ಒಂದು ಹೊಡೆತವನ್ನು ಹತ್ತಿರದಿಂದ ನೋಡಿ. ನಿಮ್ಮ ಫೈಟರ್, ಅಂದರೆ ಯೋಧ ಪಾತ್ರದ ಬಲ 16. ಹೊಸಬರು ದಾಳಕ್ಕೆ ಈ 16ನ್ನೇ ಕೂಡಿಸಲು ಹೋಗುತ್ತಾರೆ. ಹಾಗಲ್ಲ: 16ರಲ್ಲಿ 10 ಕಳೆದರೆ 6, ಅದರ ಅರ್ಧ 3. ಈ 3 ನಿಮ್ಮ ಮಾಡಿಫೈಯರ್, ದಾಳಕ್ಕೆ ಸೇರುವ ಸಂಖ್ಯೆ. ಅದಕ್ಕೆ ಅಭ್ಯಾಸದ ಬೋನಸ್ 2 ಸೇರಿಸಿದರೆ ಒಟ್ಟು 5. ಎದುರಿಗಿರುವ ಗಾಬ್ಲಿನ್‌ನ (ಕುಳ್ಳ ರಾಕ್ಷಸನ) ಎಸಿ, ಅಂದರೆ ಹೊಡೆತ ತಾಗಲು ಮುಟ್ಟಬೇಕಾದ ಅಂಕ, 15. ಡಿ20ಯಲ್ಲಿ 10 ಅಥವಾ ಮೇಲೆ ಬಿದ್ದರೆ ತಾಗಿತು, ಸಾಧ್ಯತೆ ಶೇ. 55. ತಾಗಿದ ಮೇಲೆ ಉದ್ದ ಕತ್ತಿಗೆ ಡಿ8, ಅದಕ್ಕೆ 3. ಗಾಬ್ಲಿನ್‌ನ ಜೀವ 7, ಹಾಗಾಗಿ ಡಿ8ರಲ್ಲಿ 4 ಬಿದ್ದರೆ ಅದು ಉರುಳುತ್ತದೆ. ಇಷ್ಟೇ ಯುದ್ಧ. "ತಾಗಲು +5, ಪೆಟ್ಟು ಡಿ8+3" ಎಂದು ಹಾಳೆಯ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಬರೆದಿಡಿ.

ಹಾಗಾದರೆ ಕಷ್ಟ ಎಲ್ಲಿದೆ? ಮಂತ್ರವಾದಿಗಳಲ್ಲಿ. ಬುದ್ಧಿ 16 ಇರುವ 1ನೇ ಲೆವೆಲ್ ವಿಜರ್ಡ್ ನೋಡಿ: ಪುಸ್ತಕದಲ್ಲಿ ಬರೆದುಕೊಂಡಿರುವ ಮಂತ್ರ 6, ಆ ದಿನಕ್ಕೆ ಸಿದ್ಧಮಾಡಿಕೊಳ್ಳಬಹುದಾದದ್ದು 4, ಪ್ರಯೋಗಿಸಲು ಇರುವ ಸ್ಲಾಟ್ 2. ಸ್ಲಾಟ್ ಎಂದರೆ ಒಂದು ಸಲ ಬಳಸಿ ಮುಗಿಯುವ ಟಿಕೆಟ್ ಇದ್ದಂತೆ. ಇವುಗಳ ಹೊರಗೆ ಎಷ್ಟು ಸಲ ಬೇಕಾದರೂ ಬಳಸಬಹುದಾದ 3 ಕ್ಯಾಂಟ್ರಿಪ್, ಅಂದರೆ ಚಿಕ್ಕ ಮಂತ್ರ. ನಾಲ್ಕು ಬೇರೆ ಬೇರೆ ಎಣಿಕೆ, ಅದೂ ಮೊದಲ ದಿನವೇ. ಸಾಲದ್ದಕ್ಕೆ ಲೆವೆಲ್ ಎಂಬ ಒಂದೇ ಪದ ಪಾತ್ರಕ್ಕೂ ಮಂತ್ರಕ್ಕೂ ಇದೆ, ಎರಡೂ ಒಂದಲ್ಲ: 3ನೇ ಲೆವೆಲ್ ಮಂತ್ರ ವಿಜರ್ಡ್‌ಗೆ ಸಿಗುವುದು 5ನೇ ಲೆವೆಲ್‌ನಲ್ಲಿ.

ಆದ್ದರಿಂದ ನಾಲ್ಕು ಹೊಸ ಆಟಗಾರರಿದ್ದರೆ ಒಬ್ಬರಿಗಿಂತ ಹೆಚ್ಚು ಮಂದಿ ಪೂರ್ಣ ಮಂತ್ರವಾದಿ ಆಗಬೇಡಿ. ಫೈಟರ್, ಬಾರ್ಬೇರಿಯನ್ (ರೋಷದ ಯೋಧ), ರೋಗ್ (ಕಳ್ಳ) ಸುಲಭ. ವಿಜರ್ಡ್ ಮತ್ತು ಡ್ರೂಯಿಡ್ (ಪ್ರಕೃತಿಯ ಮಂತ್ರವಾದಿ) ಅತಿ ಕಷ್ಟ. ಇನ್ನೊಂದು ಗೊಂದಲ ಬೋನಸ್ ಆಕ್ಷನ್. ಹೆಸರು ಕೇಳಿ ಎಲ್ಲರಿಗೂ ಪ್ರತಿ ಸರದಿಗೂ ಒಂದು ಹೆಚ್ಚುವರಿ ಕೆಲಸ ಇದೆ ಎಂದುಕೊಳ್ಳುತ್ತಾರೆ. ನಿಮ್ಮ ಯಾವುದಾದರೂ ಸಾಮರ್ಥ್ಯ ಅಥವಾ ಮಂತ್ರ "ಇದಕ್ಕೆ ಬೋನಸ್ ಆಕ್ಷನ್" ಎಂದು ಹೇಳಿದರೆ ಮಾತ್ರ ಅದು ಉಂಟು. "ನೇರವಾಗಿ 5ನೇ ಲೆವೆಲ್‌ನಿಂದ ಆಡೋಣ, ಮಜಾ ಇರುತ್ತೆ" ಎಂಬ ಸಲಹೆಗೆ ಒಪ್ಪಬೇಡಿ; ಲೆವೆಲ್‌ಗಳು ಪಾಠದ ಕ್ರಮದಲ್ಲೇ ಜೋಡಣೆಯಾಗಿವೆ.

ಹಂತ 5: ಪಾಥ್‌ಫೈಂಡರ್ 2, ಲೆಕ್ಕ ಇಷ್ಟವಿದ್ದರೆ

ಪೈಜೋ ಕಂಪನಿಯ ಎರಡನೇ ಆವೃತ್ತಿ 2019ರದ್ದು, ನಿಯಮಗಳನ್ನು 2023ರಿಂದ ರೀಮಾಸ್ಟರ್ ಎಂದು ಮರುಜೋಡಿಸಿದ್ದಾರೆ. ಸರದಿಗೆ ಮೂರು ಆಕ್ಷನ್. ನಡೆ, ಹೊಡೆತ, ಗುರಾಣಿ ಎತ್ತುವುದು, ಹೆದರಿಸುವುದು ಎಲ್ಲಕ್ಕೂ ಒಂದೊಂದು. ಹೇಳಲು ಡಿ ಅಂಡ್ ಡಿಗಿಂತ ಸರಳ. ಎಡವುವುದು ಇಲ್ಲಿ: "ಮೂರಿದೆ, ಮೂರು ಸಲ ಹೊಡೀತೀನಿ."

1ನೇ ಲೆವೆಲ್ ಫೈಟರ್‌ಗೆ ಬಲದ ಮಾಡಿಫೈಯರ್ 4, ಆಯುಧ ಪರಿಣತಿ 4, ಲೆವೆಲ್ 1, ಒಟ್ಟು 9. ಗಾಬ್ಲಿನ್ ಯೋಧನ ಎಸಿ 16. ಮೊದಲ ಹೊಡೆತಕ್ಕೆ ದಾಳದಲ್ಲಿ 7 ಸಾಕು, ಶೇ. 70. ಅದೇ ಸರದಿಯ ಎರಡನೇ ಹೊಡೆತಕ್ಕೆ 5 ಕಡಿತ, ಈಗ 12 ಬೇಕು, ಶೇ. 45. ಮೂರನೆಯದಕ್ಕೆ 10 ಕಡಿತ, 17 ಬೇಕು, ಶೇ. 20. ಆ ಮೂರನೇ ಆಕ್ಷನ್‌ನಲ್ಲಿ ಗುರಾಣಿ ಎತ್ತಿದ್ದರೆ ನಿಮ್ಮ ಎಸಿಗೆ 2 ಸೇರುತ್ತಿತ್ತು, ದಾಳವೇ ಬೇಕಿರಲಿಲ್ಲ.

ಆ 2ರ ಬೆಲೆ ಇಲ್ಲಿ ಹೆಚ್ಚು, ಏಕೆಂದರೆ ಗುರಿಗಿಂತ 10 ಹೆಚ್ಚು ಬಂದರೆ ಮಹಾಗೆಲುವು, ಪೆಟ್ಟು ದುಪ್ಪಟ್ಟು. ನಿಮ್ಮ ಮೊದಲ ಹೊಡೆತ 17ರಿಂದ ಮೇಲೆ ಬಿದ್ದರೆ ಒಟ್ಟು 26 ಆಗಿ ಅದು ಸಿಗುತ್ತದೆ. ಶತ್ರುವಿಗೂ ಇದೇ ನಿಯಮ. ಹಾಗಾಗಿ ಪ್ರತಿ ಸಣ್ಣ ಸಂಖ್ಯೆಯೂ ಎರಡು ಕಡೆ ಕೆಲಸ ಮಾಡುತ್ತದೆ, ಅದನ್ನು ನೆನಪಿಡುವುದೇ ಈ ಸಿಸ್ಟಮ್‌ನ ನಿಜವಾದ ಕಷ್ಟ. ಪರಿಹಾರ: ಆಟಗಾರರೆಲ್ಲ ತಾವು ಹೆಚ್ಚಾಗಿ ಬಳಸುವ ಐದು ಆಕ್ಷನ್‌ಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 2019ರ ಆ 640 ಪುಟದ ಪುಸ್ತಕದಿಂದ ನಿಮಗೆ ಬೇಕಾದ್ದು ಆ ಚೀಟಿ.

ಹಂತ 6: ನಿಯಮ ಕಡಿಮೆ, ಹೊಣೆ ಹೆಚ್ಚು

ಮೆಗೀ ಬೇಕರ್ ಮತ್ತು ವಿನ್ಸೆಂಟ್ ಬೇಕರ್ ಅವರ ಅಪೋಕ್ಯಾಲಿಪ್ಸ್ ವರ್ಲ್ಡ್ 2010ರಲ್ಲಿ ಬಂತು. ಅದರ ಮಾದರಿಯಲ್ಲಿ ಬಂದ ಆಟಗಳಿಗೆ ಪಿಬಿಟಿಎ (ಪವರ್ಡ್ ಬೈ ದಿ ಅಪೋಕ್ಯಾಲಿಪ್ಸ್) ಎಂಬ ಗುಂಪು ಹೆಸರು. 2ಡಿ6ಗೆ ಒಂದು ಗುಣದ ಅಂಕ ಕೂಡಿಸಿ: 10 ಮತ್ತು ಮೇಲೆ ಪೂರ್ಣ ಗೆಲುವು, 7ರಿಂದ 9 ಬೆಲೆ ತೆತ್ತು ಗೆಲುವು, 6 ಮತ್ತು ಕೆಳಗೆ ಜಿಎಂ ಕಥೆಯನ್ನು ನಿಮ್ಮ ವಿರುದ್ಧ ತಿರುಗಿಸುತ್ತಾರೆ.

ಆಟಗಾರರಿಗೆ ಹತ್ತು ನಿಮಿಷದ ಪಾಠ. ಜಿಎಂ ಕಡೆ ತಿರುಗಿ ನೋಡಿ. ಗುಣದ ಅಂಕ +1 ಇದ್ದಾಗ 7ರಿಂದ 9 ಬರುವುದು 36ರಲ್ಲಿ 16 ಸಲ. ಒಂದು ಸಂಜೆ 30 ಸಲ ದಾಳ ಬಿದ್ದರೆ ಸುಮಾರು 13 ಸಲ "ಆಯಿತು, ಆದರೆ..." ಎಂಬುದರ ಮುಂದಿನ ಭಾಗವನ್ನು ಸ್ಥಳದಲ್ಲೇ ಹುಟ್ಟಿಸಬೇಕು. ಎರಡನೇ ಗಂಟೆಗೆ ಕಲ್ಪನೆ ಬತ್ತುತ್ತದೆ, ಎಲ್ಲ ಬೆಲೆಯೂ "ನಿನಗೆ ಪೆಟ್ಟಾಯಿತು" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಅದಕ್ಕೇ ಮೊದಲೇ ಹತ್ತು ತೊಡಕು ಬರೆದಿಟ್ಟುಕೊಳ್ಳಿ: ದೀಪ ಆರಿತು, ಹಗ್ಗ ಸವೆಯಿತು, ಯಾರೋ ಗುರುತು ಹಿಡಿದರು, ಬಾಗಿಲು ಹಿಂದಿನಿಂದ ಮುಚ್ಚಿಕೊಂಡಿತು. ಪುಸ್ತಕದಲ್ಲಿರುವ ಜಿಎಂ ಮೂವ್‌ಗಳ, ಅಂದರೆ ಜಿಎಂ ಮಾಡಬಹುದಾದ ನಡೆಗಳ ಪಟ್ಟಿ ಕಣ್ಣೆದುರಿಗಿರಲಿ.

ವರ್ಷಗಟ್ಟಲೆ ಡಿ ಅಂಡ್ ಡಿ ಆಡಿದವರಿಗೆ ಈ ಬಗೆಯ ಆಟ ಹೊಸಬರಿಗಿಂತ ಕಷ್ಟವಾಗಬಹುದು. "ನನ್ನ ಸರದಿ ಯಾವಾಗ?" ಎಂದು ಕಾಯುತ್ತಾರೆ, ಇಲ್ಲಿ ಸರದಿಯ ಪದ್ಧತಿಯೇ ಇಲ್ಲ. "ಮೋಸ ಮಾಡುವ ಮೂವ್ ಬಳಸುತ್ತೇನೆ" ಎಂದರೆ ಸಾಲದು, ಏನು ಸುಳ್ಳು ಹೇಳಿದಿರಿ ಎಂದು ಮೊದಲು ಹೇಳಬೇಕು.

2017ರ ಬ್ಲೇಡ್ಸ್ ಇನ್ ದ ಡಾರ್ಕ್ ಕಳ್ಳರ ಗ್ಯಾಂಗಿನ ಆಟ, ಇದೇ ಬಳ್ಳಿಯದ್ದು. ಪ್ರತಿ ದಾಳಕ್ಕೂ ಮುಂಚೆ ಜಿಎಂ ಅಪಾಯ ಎಷ್ಟು, ಪರಿಣಾಮ ಎಷ್ಟು ಎಂದು ಎರಡು ತೀರ್ಪು ಕೊಡಬೇಕು. ಹೊಸ ಜಿಎಂಗಳು ಇಲ್ಲಿ ತಡವರಿಸುತ್ತಾರೆ. ಅನುಮಾನವಿದ್ದಾಗ "ರಿಸ್ಕಿ, ಸ್ಟ್ಯಾಂಡರ್ಡ್" ಎಂದು ಹೇಳಿ ಮುಂದೆ ಹೋಗಿ. ಆಟಗಾರರು ಒಂದು ಗಂಟೆ ಕೂತು ದರೋಡೆಯ ನಕ್ಷೆ ಹಾಕಲು ಬಿಡಬೇಡಿ: ಯಾವ ಬಗೆಯ ಯೋಜನೆ, ಅದರ ಒಂದು ವಿವರ, ಹೊರೆ ಹಗುರವೋ ಸಾಧಾರಣವೋ ಭಾರವೋ ಎಂದು ಕೇಳಿ ಸೀದಾ ನಡುಬಾಗಿಲಿಗೆ ತಂದು ನಿಲ್ಲಿಸಿ. ಮರೆತ ಸಿದ್ಧತೆಯನ್ನು ಫ್ಲ್ಯಾಶ್‌ಬ್ಯಾಕ್‌ನಲ್ಲಿ ಆಮೇಲೆ ತುಂಬಬಹುದು, ಅದಕ್ಕೆ ನಿಯಮವೇ ಇದೆ.

ಹಂತ 7: ಸದ್ಯಕ್ಕೆ ಪಕ್ಕಕ್ಕಿಡಬೇಕಾದವು

ಗರ್ಪ್ಸ್ (1986) ಯಾವ ಕಾಲ, ಯಾವ ಲೋಕಕ್ಕಾದರೂ ಹೊಂದುವ ಸಿಸ್ಟಮ್. 3ಡಿ6 ಹಾಕಿ ಸ್ಕಿಲ್‌ಗಿಂತ ಕೆಳಗೆ ಅಥವಾ ಸಮ ತನ್ನಿ, ಅಷ್ಟೇ. ಸ್ಕಿಲ್ 10ಕ್ಕೆ ಶೇ. 50, 12ಕ್ಕೆ ಶೇ. 74, 14ಕ್ಕೆ ಶೇ. 91. ಕಷ್ಟ ಇರುವುದು ಪಾತ್ರ ಕಟ್ಟುವಾಗ: ಬಲವನ್ನು ಒಂದು ಏರಿಸಲು 10 ಅಂಕ, ಚುರುಕು ಅಥವಾ ಬುದ್ಧಿಯನ್ನು ಒಂದು ಏರಿಸಲು 20, ದೌರ್ಬಲ್ಯ ಒಪ್ಪಿಕೊಂಡರೆ ಅಂಕ ವಾಪಸ್, ನೂರಾರು ಸ್ಕಿಲ್. ಜಿಎಂ ಒಬ್ಬರೇ ಕೂತು ನಾಲ್ಕು ಪಾತ್ರ ಕಟ್ಟಿ ಕೊಟ್ಟರೆ ಆಟಗಾರರಿಗೆ ಇದು ಡಿ ಅಂಡ್ ಡಿಗಿಂತ ಸುಲಭ. ಶ್ಯಾಡೋರನ್ (1989) ಹಾಗಲ್ಲ. ಹ್ಯಾಕರ್‌ಗೆ, ಮಾಂತ್ರಿಕನಿಗೆ, ಹೊಡೆದಾಡುವವನಿಗೆ ಬೇರೆ ಬೇರೆ ನಿಯಮಗುಚ್ಛ. ಜಿಎಂ ಮೂರು ಆಟ ಕಲಿತಂತೆ. ವರ್ಷ ಆಡಿದ ಮೇಲೆ ಮುಟ್ಟಿ.

ಹಂತ 8: ಮೇಜಿನಲ್ಲಿ ಕಲಿಸುವುದು

ಮೊದಲ ದಿನ ಸಿದ್ಧ ಪಾತ್ರಗಳನ್ನೇ ಕೊಡಿ. ನಿಯಮ ಹೇಳಲು ಇಪ್ಪತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷವೂ ಹೆಚ್ಚು ಬೇಡ. ಉಳಿದದ್ದನ್ನು ಅದು ಬೇಕಾದ ಕ್ಷಣದಲ್ಲೇ ಹೇಳಿ: ಯಾರಾದರೂ ಹಿಡಿದು ಕೆಡವಲು ಹೋದಾಗ ಕುಸ್ತಿಯ ನಿಯಮ, ಯಾರಾದರೂ ಬಿದ್ದಾಗ ಸಾವಿನ ನಿಯಮ. ಪುಸ್ತಕ ಹುಡುಕಲು ಎರಡು ನಿಮಿಷದ ಮಿತಿ ಇಡಿ. ಸಿಗದಿದ್ದರೆ ಜಿಎಂ ತೀರ್ಪು ಕೊಟ್ಟು, ಅದನ್ನು ಬರೆದಿಟ್ಟು, ಆಟ ಮುಗಿದ ಮೇಲೆ ನೋಡಿ ಮುಂದಿನ ಸಲ ಸರಿಪಡಿಸಲಿ.

ಭಾಷೆಯ ಬಗ್ಗೆ ಹಲವರು ಕೇಳುತ್ತಾರೆ. ಕಥೆ, ಸಂಭಾಷಣೆ, ವರ್ಣನೆ ಕನ್ನಡದಲ್ಲೇ ಇರಲಿ, ಆಟಕ್ಕೆ ಜೀವ ಬರುವುದೇ ಅಲ್ಲಿ. ನಿಯಮದ ಪದಗಳನ್ನು ಮಾತ್ರ ಅನುವಾದಿಸಲು ಹೋಗಬೇಡಿ. ಸ್ಯಾನಿಟಿ, ಸ್ಲಾಟ್, ಎಸಿ ಹಾಗೇ ಇದ್ದರೆ ಹಾಳೆಯಲ್ಲಿರುವುದಕ್ಕೂ ಬಾಯಲ್ಲಿ ಬರುವುದಕ್ಕೂ ತಾಳೆಯಾಗುತ್ತದೆ. ಪಿಬಿಟಿಎ ಮೂವ್‌ಗಳಿಗೆ ಮಾತ್ರ ಇದು ಸಲ್ಲದು. ಅವುಗಳ ಮೊದಲ ಸಾಲು "ನೀವು ಹೀಗೆ ಮಾಡಿದಾಗ" ಎಂಬ ಷರತ್ತು, ಅದನ್ನು ಕನ್ನಡದಲ್ಲಿ ಬರೆದು ಮೇಜಿನ ನಡುವೆ ಇಡಿ. ಯಾರಾದರೂ ಆ ಮಾತು ಆಡಿದ ಕೂಡಲೇ ಎಲ್ಲರಿಗೂ ಹೊಳೆಯಬೇಕು.

ಆನ್‌ಲೈನ್ ಆಡುವವರು ಮೊದಲ ಎರಡು ಸಲವಾದರೂ ಲೆಕ್ಕವನ್ನು ಕೈಯಲ್ಲೇ ಮಾಡಿ. ರೋಲ್20ಯಂಥ ತಾಣದಲ್ಲಿ ಗುಂಡಿ ಒತ್ತಿದರೆ ಉತ್ತರ ಬರುತ್ತದೆ. ಆ +5 ಎಲ್ಲಿಂದ ಬಂತು ಎಂದು ಗೊತ್ತಾಗದೆ, ಲೆವೆಲ್ ಏರಿದಾಗ ಏನು ಬದಲಿಸಬೇಕು ಎಂದು ತೋಚುವುದಿಲ್ಲ. ಊರಿನವರೂ ಅಮೆರಿಕದಲ್ಲಿರುವವರೂ ಸೇರಿ ಆಡುವುದಾದರೆ ಬೆಂಗಳೂರಿನ ರಾತ್ರಿ 8:30 ಕ್ಯಾಲಿಫೋರ್ನಿಯಾದಲ್ಲಿ ಬೇಸಿಗೆಗೆ ಬೆಳಿಗ್ಗೆ 8, ನವೆಂಬರಿನಲ್ಲಿ ಅಲ್ಲಿನ ಗಡಿಯಾರ ಹಿಂದೆ ಹೋದ ಮೇಲೆ 7. ಆ ವಾರದ ಆಟಕ್ಕೆ ಎರಡು ದಿನ ಮುಂಚೆಯೇ ಸಮಯವನ್ನು ಇನ್ನೊಮ್ಮೆ ಖಚಿತಪಡಿಸಿಕೊಳ್ಳಿ.